ಬೇಕೆಂದೇ ಕಡಿಮೆ ಬಡಿಸಿದ ತಾಟು

ಎರಡು ವರ್ಷ ನಾನು ನನ್ನ ಮೊಮ್ಮಗಳಿಗೆ ಬೇಕೆಂದೇ ಕಡಿಮೆ ಬಡಿಸಿದ್ದೇನೆ. ಮನೆಯಲ್ಲಿ ಇರಲಿಲ್ಲ ಅಂತಲ್ಲ. ಜೋಳ ಇತ್ತು, ತೊಗರಿ ಬೇಳೆ ಇತ್ತು. ಮಗ ನಮ್ಮ ಊರು ಕಮಲಾಪುರದ ಕೆಂಪು ಬಾಳೆಹಣ್ಣನ್ನು ಟೆಂಪೋದಲ್ಲಿ ಹೇರಿಕೊಂಡು ಕಲಬುರಗಿಗೆ ಹೋಗುವವನು, ಹಣ್ಣಿಗೆ ಬರ ಇರಲಿಲ್ಲ. ಹಿತ್ತಲಲ್ಲಿ ನಾಲ್ಕು ಕೋಳಿ ಇದ್ದವು. ಆದರೂ ಅವಳ ತಾಟಿಗೆ ತತ್ತಿ ಬೀಳುತ್ತಿರಲಿಲ್ಲ, ತುಪ್ಪ ಬೀಳುತ್ತಿರಲಿಲ್ಲ, ಎಳ್ಳು ಶೇಂಗಾ ಕುಟ್ಟಿದ ಹಿಂಡಿಯೂ ಬೀಳುತ್ತಿರಲಿಲ್ಲ. ಕೇಳಿದರೆ 'ಮೈಗಿ ಕಾವು ಆಗ್ತದ' ಎನ್ನುತ್ತಿದ್ದೆ. ಖರೇ ಕಾರಣ ಬೇರೆ ಇತ್ತು. ಹುಡುಗಿ ಬೇಗ ದೊಡ್ಡವಳಾಗಬಾರದು ಎಂದು ನಾನು ತಡೆದು ಹಿಡಿದಿದ್ದೆ.

ಈ ಬುದ್ಧಿ ನನಗೆ ಪುಸ್ತಕದಿಂದ ಬಂದದ್ದಲ್ಲ. ಸಾಲಿಗೆ ತಡವಾಗಿ ಹಾಕಿದ್ದರು, ನಾನು ಕಲಿತದ್ದು ಮೂರನೇ ಇಯತ್ತೆ. ತವರಿನಲ್ಲಿ ಎರಡು ಎಮ್ಮೆ ಇದ್ದವು. ಕೆನೆ ಹಾಲು ಕುಡಿದು ಗುಂಡಗೆ ಬೆಳೆದು, ಹನ್ನೆರಡಕ್ಕೆ ಮೈನೆರೆದೆ. ಮರುದಿನದಿಂದ ಸಾಲಿ ಬಿಡಿಸಿದರು. ಮುಂದಿನ ಬೇಸಿಗೆಗೆ ಲಗ್ನ. ನನ್ನ ಮಗಳಿಗೂ ನಾನು ಹೊಟ್ಟೆ ತುಂಬ ಉಣ್ಣಿಸಿದೆ. ಅವಳು ಏಳನೇ ಇಯತ್ತೆಯಲ್ಲಿ ದೊಡ್ಡವಳಾದಳು, ನನ್ನ ಗಂಡ ಅವಳನ್ನು ಹತ್ತನೇ ಮುಟ್ಟಲು ಬಿಡಲಿಲ್ಲ. ಆಗ ನಾನು ಬಾಯಿ ತೆರೆಯಲಿಲ್ಲ. ನಮ್ಮಿಬ್ಬರ ಗತಿ ನೋಡಿದ ಮೇಲೆ ನನಗೆ ತಿಳಿದದ್ದು ಇಷ್ಟೇ: ಚೆನ್ನಾಗಿ ಉಂಡ ಹುಡುಗಿ ಬೇಗ ನೆರೆಯುತ್ತಾಳೆ, ನೆರೆದ ಹುಡುಗಿ ಸಾಲಿ ಬಿಡುತ್ತಾಳೆ. ಮೊಮ್ಮಗಳು ಓದಬೇಕು ಎಂದರೆ ಅವಳ ಊಟ ಹಿಡಿತದಲ್ಲಿರಬೇಕು.

ಅಡುಗೆಮನೆ ನನ್ನ ಕೈಯಲ್ಲೇ ಇತ್ತು. ಸೊಸೆ ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಾಳೆ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ. ಮಕ್ಕಳಿಗೆ ಏನು ಬಡಿಸಿದೆ ಎಂದು ಅವಳು ಕೇಳಿದವಳಲ್ಲ, ನಾನು ಹೇಳಿದವಳಲ್ಲ. ಮೊಮ್ಮಗಳಿಗಿಂತ ಎರಡು ವರ್ಷ ಚಿಕ್ಕವನಾದ ಮೊಮ್ಮಗನಿಗೆ ಎಲ್ಲವೂ ಸಿಗುತ್ತಿತ್ತು. ಗಂಡು ಹುಡುಗ ಎಷ್ಟು ಬೇಗ ಬೆಳೆದರೂ ಅವನ ಸಾಲಿ ಯಾರೂ ಬಿಡಿಸುವುದಿಲ್ಲ.

ಹುಡುಗಿ ಒಂಬತ್ತನೇ ಇಯತ್ತೆಗೆ ಬಂದಳು. ಇನ್ನೂ ದೊಡ್ಡವಳಾಗಿರಲಿಲ್ಲ. ಓಣಿಯ ಹೆಂಗಸರು 'ಇನ್ನಾ ಇಲ್ಲೇನು' ಎಂದು ಕೇಳಿದಾಗ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಅವಳ ಜೊತೆಯ ಒಬ್ಬಳಿಗೆ ಆಗಲೇ ಗಂಡು ನೋಡುತ್ತಿದ್ದರು.

ಅವಳು ಖೋಖೋ ಆಡುತ್ತಿದ್ದಳು. ಊರ ಸರ್ಕಾರಿ ಪ್ರೌಢಶಾಲೆಯಲ್ಲಿ ಅವಳಷ್ಟು ಚುರುಕಾಗಿ ತಿರುಗಿ ಓಡುವವರು ಇರಲಿಲ್ಲ. ಇದನ್ನು ಅವಳ ಆಯಿ, ಅಂದರೆ ಅಜ್ಜಿ, ಎಂದು ಹೇಳುತ್ತಿಲ್ಲ, ಆಟದ ಮಾಸ್ತರರೇ ಹೇಳಿದ್ದು. ಆ ಮಳೆಗಾಲ ಸಾಲಿ ಶುರುವಾದ ಮೇಲೆ ಒಂದು ದಿನ ಓಡುತ್ತಾ ಓಡುತ್ತಾ ಮೈದಾನದಲ್ಲಿ ಕುಸಿದಳಂತೆ. ಅದೇ ವಾರ ದವಾಖಾನೆಯವರು ಸಾಲಿಗೆ ಬಂದು ಎಲ್ಲ ಹುಡುಗಿಯರ ಬೆರಳು ಚುಚ್ಚಿ ರಕ್ತ ನೋಡಿದರು. ಮರುದಿನ ಮಾಸ್ತರರು ನಮ್ಮ ಮನೆಯ ಬಾಗಿಲಿಗೇ ಬಂದರು.

"ಆಯಿ, ಹುಡುಗಿ ಛಲೋ ಓಡ್ತಾಳ್ರೀ. ಖರೇ ಮೈಯಾಗ ರಕ್ತ ಇಲ್ಲ."

"ರಕ್ತ ಇಲ್ಲಂದ್ರ ಓಡ್ತಾಳ ಹ್ಯಾಂಗ?"

"ಅದೇ ನನಗೂ ತಿಳೀಲಾರ್ದು. ಗಣಪತಿ ಹಬ್ಬ ಆದ ಮ್ಯಾಲ ಕಲಬುರಗಿ ಪಂದ್ಯಕ್ಕ ಹೋಗ್ಲಾಕ ಹನ್ನೆರಡು ಮಂದೀನ ಆರಿಸ್ತೀವಿ. ಅಷ್ಟರಾಗ ರಕ್ತ ಏರಿದ್ರ ಆಡ್ತಾಳ. ಇಲ್ಲಂದ್ರ ನಾ ಮೈದಾನಕ್ಕ ಇಳಸಂಗಿಲ್ರೀ. ಬಿದ್ದು ಹೆಚ್ಚುಕಡಿಮಿ ಆದ್ರ ಯಾರಿಗಿ ಹೇಳಲಿ?"

ಅವರು ಹೋದ ಮೇಲೆ ಹುಡುಗಿ ಬಾಗಿಲ ಹಿಂದೆ ನಿಂತು ಅತ್ತಳು. ನಾನು ರೊಟ್ಟಿ ತಟ್ಟುತ್ತಲೇ ಇದ್ದೆ. ಎರಡು ರೊಟ್ಟಿ ಹರಿದವು.

ಆ ಸಾಲಿಯಲ್ಲಿ ವಿಜ್ಞಾನ ಹೇಳುವ ಟೀಚರ್ ಒಬ್ಬರಿದ್ದಾರೆ. ಕಲಬುರಗಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಪ್ರತಿ ಶನಿವಾರ ಹುಡುಗಿಯರಿಗೆ ಊಟದ ಬಗ್ಗೆ ಪಾಠ ಮಾಡುತ್ತಾರೆ: ಯಾವುದರಲ್ಲಿ ಕಬ್ಬಿಣ, ಯಾವುದರಲ್ಲಿ ಸುಣ್ಣ, ಹೀಗೆ. ನನ್ನ ಮೊಮ್ಮಗಳಿಗೆ ಅದೆಲ್ಲ ಬಾಯಿಪಾಠ ಬರುತ್ತಿತ್ತು. ನುಗ್ಗೆ ಸೊಪ್ಪಿನ ಗುಣ ಗಿಣಿಯಂತೆ ಹೇಳುವಳು, ತಾಟಿನಲ್ಲಿ ಮಾತ್ರ ನೀರು ಬೇಳೆ. ರಕ್ತ ನೋಡಿದ ಮೇಲೆ ಟೀಚರ್ ಎಲ್ಲ ಹುಡುಗಿಯರಿಗೂ ಒಂದೊಂದು ಚೀಟಿ ಕೊಟ್ಟು, ನಿಮಗೆ ಮನೆಯಲ್ಲಿ ಬಡಿಸುವವರು ಯಾರು ಎಂದು ಬರೆಯಲು ಹೇಳಿದರಂತೆ. ಮುಕ್ಕಾಲು ಚೀಟಿಯಲ್ಲಿ ಆಯಿ, ನಾನಿ ಅಂತಲೇ ಇತ್ತು. ಅವ್ವಂದಿರು ಹೊಲಕ್ಕೋ ಅಂಗಡಿಗೋ ಹೋದವರು. ಹಾಗಾಗಿ ಮುಂದಿನ ಶನಿವಾರ ಮುದುಕಿಯರಿಗೆ ಕರೆ ಬಂತು.

ಮಕ್ಕಳ ತಪ್ಪಿಗೆ ಅಪ್ಪ ಅವ್ವನನ್ನು ಕರೆಯುವುದು ನೋಡಿದ್ದೇನೆ. ಆಯಿಗಳನ್ನು ಕರೆದದ್ದು ಅದೇ ಮೊದಲು. ಹೋಗುವುದಿಲ್ಲ ಎಂದೆ. ಮೊಮ್ಮಗಳು ನನ್ನ ಚಪ್ಪಲಿ ತಂದು ಮುಂದಿಟ್ಟಳು.

ಹೋದರೆ ಹದಿನೈದು ಮಂದಿ ಮುದುಕಿಯರು ಹುಡುಗಿಯರ ಬೆಂಚಿನಲ್ಲಿ ಕಾಲು ಸೇರದೆ ಒದ್ದಾಡುತ್ತಿದ್ದರು. ನನ್ನ ಪಕ್ಕಕ್ಕೆ ನಮ್ಮ ಓಣಿಯ ಬಳೆ ಮಾರುವ ಮನೆಯವಳು ಕೂತಳು. ಅವಳನ್ನು ಊರೆಲ್ಲ ನಾನಿ ಎಂದೇ ಕರೆಯುತ್ತದೆ. ಅವಳ ಬಾಯಿ ಒಂದು ಗಳಿಗೆ ಮುಚ್ಚುವುದಿಲ್ಲ. ಎದುರಿಗೆ ಉದ್ದನೆಯ ಮೇಜಿನ ಮೇಲೆ ರೊಟ್ಟಿ, ಗಟ್ಟಿ ಬೇಳೆ, ತಿಳಿ ಬೇಳೆ, ಪುಂಡಿ ಪಲ್ಯ, ಹಿಂಡಿ, ತುಪ್ಪ, ಬೇಯಿಸಿದ ತತ್ತಿ, ಕೆಂಪು ಬಾಳೆಹಣ್ಣು ಇಟ್ಟಿದ್ದರು. ಬೀಗರಿಗೆ ಇಟ್ಟಂತೆ. ಹುಡುಗಿಯರು ಹೊರಗೆ ಕಿಟಕಿಗೆ ಜೋತುಬಿದ್ದಿದ್ದರು.

ಟೀಚರ್ ಒಬ್ಬೊಬ್ಬರ ಮುಂದೆ ಎರಡೆರಡು ತಾಟು ಇಟ್ಟರು. "ಒಂದು ಮೊಮ್ಮಗಂದು, ಒಂದು ಮೊಮ್ಮಗಳದು. ನಿಮ್ಮ ಮನ್ಯಾಗ ದಿನಾ ಹ್ಯಾಂಗ ಬಡಸ್ತೀರಿ ಹಂಗೇ ಬಡಸ್ರಿ" ಎಂದರು.

ಮುದುಕಿಯರು ಎದ್ದು ಬಡಿಸಿದ್ದೇ ಬಡಿಸಿದ್ದು. ಎರಡೂ ತಾಟಿಗೆ ಸಮಸಮ ತುಪ್ಪ, ಸಮಸಮ ಹಣ್ಣು. ಒಬ್ಬಳು ಹುಡುಗಿಯ ತಾಟಿಗೆ ಮೂರು ತತ್ತಿ ಇಟ್ಟಳು. ನಾನಿ ಸುಮ್ಮನಿರಲಿಲ್ಲ.

"ದಿನಾ ಮೂರು ತತ್ತಿ ಇಡ್ತಿಯೇನು? ನಿನ್ನ ಕೋಳಿ ಏನ್ ಮಷೀನ್ ಏನು?"

"ನಿನಗ್ಯಾಕ ಬೇ ನಮ್ಮ ಕೋಳಿ ಚಿಂತಿ?"

"ಪಾಪ, ಸತ್ತೀತು ಅಂತ ಕೇಳ್ದೆ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಸರದಿ ಬಂತು. ಸುಳ್ಳು ಬಡಿಸುವುದೇನೂ ಕಷ್ಟವಿರಲಿಲ್ಲ, ಸೌಟು ಕೈಯಲ್ಲೇ ಇತ್ತು. ಆದರೆ ಕಿಟಕಿಯಲ್ಲಿ ಮೊಮ್ಮಗಳ ಮುಖ ಇತ್ತು. ಅವಳಿಗೆ ತನ್ನ ತಾಟು ಗೊತ್ತು. ನಾನು ಅಲ್ಲಿ ತತ್ತಿ ಇಟ್ಟಿದ್ದರೆ ಅವಳ ಕಣ್ಣೆದುರೇ ಸುಳ್ಳುಗಾರ್ತಿ ಆಗುತ್ತಿದ್ದೆ. ಹುಡುಗನ ತಾಟಿಗೆ ಎರಡು ರೊಟ್ಟಿ, ತುಪ್ಪ, ಗಟ್ಟಿ ಬೇಳೆ, ತತ್ತಿ, ಹಣ್ಣು ಇಟ್ಟೆ. ಹುಡುಗಿಯ ತಾಟಿಗೆ ಒಂದೂವರೆ ರೊಟ್ಟಿ, ತಿಳಿ ಬೇಳೆ, ಒಂದು ಚಿಟಿಕೆ ಪಲ್ಯ. ಸೌಟು ಕೆಳಗಿಟ್ಟು ಕೈ ಒರೆಸಿಕೊಂಡೆ.

ಟೀಚರ್ ಎರಡೂ ತಾಟು ನೋಡಿದರು. "ಯಾಕ್ರೀ ಆಯಿ ಹಿಂಗ?"

"ಬೇಕಂತಲೇ."

"ಹುಡುಗಿ ಅಂತನೇನ್ರೀ?"

"ಹುಡುಗಿ ಅಂತ ಖರೇ, ನೀವು ತಿಳಿದಂಗ ಅಲ್ರೀ. ಉಂಡ್ರ ಲಗೂ ದೊಡ್ಡಾಕಿ ಆಗ್ತಾಳ. ದೊಡ್ಡಾಕಿ ಆದ್ರ ಸಾಲಿ ಬಿಡಸ್ತಾರ. ನನ್ದೂ ಬಿಡಸ್ಯಾರ, ನನ್ನ ಮಗಳಿಂದೂ ಬಿಡಸ್ಯಾರ. ಈಕಿಂದು ಬಿಡಸಬಾರ್ದಂತ ನಾ ತಡದು ಇಟ್ಟೀನಿ."

ಹಿಂದಿನ ಬೆಂಚಿನಿಂದ ಒಬ್ಬಳು, "ನಾನೂ ಹಿಂಡಿ ಕೊಡಲ್ರೀ, ಇದೇ ಕಾರಣಕ್ಕ" ಎಂದು ಮೆಲ್ಲಗೆ ಹೇಳಿದಳು. ಮೂರು ತತ್ತಿ ಇಟ್ಟವಳು ಎರಡನ್ನು ವಾಪಸ್ಸು ಪಾತ್ರೆಗೆ ಹಾಕಿದಳು, ನಾನು ನೋಡಿದೆ.

ನಾನಿ ನನ್ನ ಕಡೆ ತಿರುಗಿದಳು. "ಒಂದು ಕೇಳ್ತೀನಿ ಹೇಳವ್ವಾ. ತುಪ್ಪ ಬಂದು ನಿನ್ನ ಲಗ್ನ ಮಾಡ್ತೇನು? ನಿಮ್ಮಪ್ಪ ಮಾಡ್ದ. ನಿನ್ನ ಮಗಳಿಂದು ನಿನ್ನ ಗಂಡ ಮಾಡ್ದ. ಕಡಿಮಿ ಉಣಸೋದಿದ್ರ ಅವರಿಬ್ಬರಿಗಿ ಉಣಸಬೇಕಿತ್ತು."

ಮುದುಕಿಯರು ಬಿದ್ದು ಬಿದ್ದು ನಕ್ಕರು. ಟೀಚರ್ ಕೂಡ ಸೆರಗು ಬಾಯಿಗೆ ಒತ್ತಿಕೊಂಡರು. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಅರವತ್ತು ದಾಟಿದ ನನ್ನ ತಲೆಗೆ ಇಷ್ಟು ಸಣ್ಣ ಮಾತು ಹೊಳೆದಿರಲಿಲ್ಲ.

ಟೀಚರ್ ಬೈಯಲಿಲ್ಲ. ನನ್ನ ಎದುರು ಕೂತು ಹೇಳಿದರು: "ಕಡಿಮಿ ಉಂಡ್ರ ದೊಡ್ಡಾಕಿ ಆಗೋದು ತಡಾ ಆಗಬಹುದ್ರೀ ಆಯಿ, ನಿಲ್ಲಂಗಿಲ್ಲ. ಆ ತನಕ ಎಲುಬು ಸೋಲ್ತದ, ರಕ್ತ ಸೋಲ್ತದ, ಓದಿದ್ದೂ ತಲಿಗಿ ಹತ್ತಂಗಿಲ್ಲ. ತಿಂಗಳಾ ರಕ್ತ ಹೋಗ್ಲಾಕ ಚಾಲೂ ಆತಂದ್ರ ಈಗಿದ್ದದ್ದೂ ಉಳಿಯಂಗಿಲ್ಲ." ಆಮೇಲೆ ಎಲ್ಲರಿಗೂ ಹೇಳಿದರು. ಬೇಳೆ ಗಟ್ಟಿ ಇರಲಿ. ಪಲ್ಯ ಹಿಡಿ ತುಂಬ ಇರಲಿ, ಅದಕ್ಕೆ ಲಿಂಬೆಹಣ್ಣು ಹಿಂಡಿ. ಸಾಲಿಯಲ್ಲಿ ಕೊಡುವ ರಕ್ತದ ಗುಳಿಗೆಯನ್ನು ಊಟ ಆದ ಮೇಲೆ ನುಂಗಲಿ. ಉಂಡ ಕೂಡಲೇ ಚಹಾ ಕೊಡಬೇಡಿ, ಉಂಡದ್ದರ ಕಬ್ಬಿಣ ಮೈಗೆ ಹತ್ತಗೊಡುವುದಿಲ್ಲ.

ಚಹಾದ ಮಾತಿಗೆ ಮುದುಕಿಯರು ಗದ್ದಲ ಎಬ್ಬಿಸಿದರು. ನಮ್ಮ ಕಡೆ ಉಂಡು ಕೈ ತೊಳೆದವರಿಗೆ ಚಹಾ ಕೊಡದಿದ್ದರೆ ಎಬ್ಬಿಸಿ ಕಳಿಸಿದಂತೆ.

ಮನೆಗೆ ಬರುವ ದಾರಿಯಲ್ಲಿ ಮೊಮ್ಮಗಳು ನನ್ನ ಹಿಂದೆ ನಡೆದಳು. ಕೆರೆ ಕಡೆಯ ತಿರುವಿಗೆ ಬಂದಾಗ ಮಾತಾಡಿದಳು.

"ಆಯಿ, ನಾ ನಿನಗ ಬ್ಯಾಡಾಗೀನಿ ಅಂತ ತಿಳಿದಿದ್ದೆ."

"ಹುಚ್ಚಿ."

"ಎರಡು ವರ್ಷ ಹಂಗೇ ತಿಳಿದಿದ್ದೆ."

"ಕೇಳಬೇಕಿತ್ತು."

"ಕೇಳಿದ್ರ ಕಾವು ಅಂತಿದ್ದಿ."

ಮನೆಗೆ ಬಂದು ಎರಡು ತತ್ತಿ ಬೇಯಲು ಇಟ್ಟೆ. ತಪ್ಪು ನನ್ನದೇ. ಅತ್ತರೆ ಅವಳ ಮೈಗೆ ರಕ್ತ ಬರುವುದಿಲ್ಲ, ಆದ್ದರಿಂದ ಅಳಲಿಲ್ಲ.

ಸೊಸೆಗೂ ಅಂದೇ ಹೇಳಿದೆ. ಅವಳು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಚೀಲದಿಂದ ಖಾರದ ಕುರುಕಲು ಪಾಕೀಟು ತೆಗೆದು ಒಲೆಯ ಪಕ್ಕ ಇಟ್ಟಳು. "ನಾ ದಿನಾ ಇವ್ನೇ ತರ್ತಿದ್ದೆ ಅತ್ತಿ. ಹುಡುಗಿ ಬಡಕಲ ಆಗ್ಯಾಳಂತ. ನಿಮಗ ಗೊತ್ತಾಗದಂಗ ತಿನ್ನು ಅಂತ ಆಕಿಗಿ ಹೇಳ್ತಿದ್ದೆ" ಎಂದಳು. ನಾನು ತಾಟು ಖಾಲಿ ಇಟ್ಟೆ, ಅವಳು ಅದಕ್ಕೆ ಹುರಿದ ಗಾಳಿ ತುಂಬಿದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಬ್ಬರಿಗೊಬ್ಬರು ಹೇಳದೆ ಒಂದು ಹುಡುಗಿಯನ್ನು ಹೀಗೆ ಸಾಕಿದ್ದೆವು.

ಅಂದಿನಿಂದ ನಾನು ಹಟ ಹಿಡಿದೆ. ಬೇಳೆ ಗಟ್ಟಿಯಾಯಿತು. ಹುಡುಗಿ ನನ್ನ ಎದುರೇ ಕೂತು ಉಣ್ಣಬೇಕು, ಅರ್ಧ ರೊಟ್ಟಿ ಬಿಟ್ಟರೆ ಏಳುವಂತಿಲ್ಲ. ಮೊದಮೊದಲು ಅವಳಿಗೆ ಹೋಗುತ್ತಿರಲಿಲ್ಲ, ಹೊಟ್ಟೆ ಸಣ್ಣದಾಗಿತ್ತು. ಹದಿನೈದು ದಿನದ ಮೇಲೆ ತಾನೇ ಮತ್ತೊಂದು ರೊಟ್ಟಿಗೆ ಕೈ ಚಾಚಿದಳು. ಚಹಾದ ಪಾತ್ರೆಯನ್ನು ಊಟ ಆಗಿ ಬಹಳ ಹೊತ್ತಿನವರೆಗೆ ಅಟ್ಟದಿಂದ ಇಳಿಸುತ್ತಿರಲಿಲ್ಲ. ಮಗ ಗೊಣಗಿದ. ಗೊಣಗಲಿ.

ಗಣಪತಿ ಹಬ್ಬ ಮುಗಿದ ವಾರ ಹುಡುಗಿ ದೊಡ್ಡವಳಾದಳು. ಆಟಕ್ಕೆ ಆರಿಸುವುದಕ್ಕೆ ಇನ್ನು ಮೂರೇ ದಿನ ಇತ್ತು.

ನಮ್ಮಲ್ಲಿ ಒಂಬತ್ತು ದಿನ ಹುಡುಗಿಯನ್ನು ಮೂಲೆಯಲ್ಲಿ ಚಾಪೆಯ ಮೇಲೆ ಕೂಡಿಸುತ್ತಾರೆ. ಹೊಸ್ತಿಲು ದಾಟುವಂತಿಲ್ಲ. ಆ ಒಂಬತ್ತು ದಿನ ಕೊಬ್ಬರಿ, ಬೆಲ್ಲ, ತುಪ್ಪ, ಅಂಟಿನುಂಡಿ ಏನು ಕೇಳಿದರೆ ಅದು ತಿನ್ನಿಸುತ್ತಾರೆ. ಹತ್ತನೆಯ ದಿನದಿಂದ ಮತ್ತೆ ಒಂದೂವರೆ ರೊಟ್ಟಿ. ಇದರಲ್ಲಿ ಏನು ಅರ್ಥ ಇದೆ ಎಂದು ನಾನು ಅದಕ್ಕೆ ಮೊದಲು ಕೇಳಿಕೊಂಡಿರಲಿಲ್ಲ.

ಸುದ್ದಿ ತಿಳಿದ ಎರಡನೆಯ ದಿನವೇ ಕಲಬುರಗಿಯ ಶಹಾಬಜಾರದಿಂದ ನನ್ನ ತಂಗಿ ಬಂದಳು. ಹಸಿರು ಸೀರೆ, ಬಳೆ, ಕೊಬ್ಬರಿ ಬಟ್ಟಲು ತಂದಿದ್ದಳು. ಹುಡುಗಿಯ ಗಲ್ಲ ಹಿಡಿದು ನೋಡಿದಳು.

"ಅಕ್ಕಾ, ಮಾರಿ ಮ್ಯಾಲ ಕಳಾ ಬಂದಾದ. ನಮ್ಮ ಓಣ್ಯಾಗ ಒಂದು ಛಲೋ ಮನಿ ಅದ. ಹುಡುಗ ಕಿರಾಣಿ ಅಂಗಡಿ ನಡಸ್ತಾನ. ಈಗೇನ್ ಲಗ್ನ ಬ್ಯಾಡ, ಬರೇ ಮಾತು ಇಟ್ಕೊಳ್ಳಮು."

"ಇಟ್ಕೊಳ್ಳಲಾಕ ಅದೇನ್ ಉಪ್ಪಿನಕಾಯೇನು?"

"ನಗಚಾಟಿ ಮಾಡಬ್ಯಾಡ. ಮುಂದ ಇಂಥ ಮನಿ ಸಿಗಂಗಿಲ್ಲ."

ಮಗ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಅವನು ಸುಮ್ಮನೆ ಕೂತರೆ ಅರ್ಧ ಒಪ್ಪಿದಂತೆ. ಅವನ ಅಪ್ಪನೂ ಹಾಗೇ ಇದ್ದ. ನನ್ನ ಮಗಳ ವಿಷಯದಲ್ಲಿ ನಾನು ಸುಮ್ಮನೆ ಕೂತದ್ದು ನೆನಪಾಯಿತು.

"ಹದಿನೆಂಟು ಆಗಲಿ, ಓದು ಮುಗೀಲಿ" ಎಂದೆ. "ಆಮ್ಯಾಲ ಆಕಿನ್ನೇ ಕೇಳು. ನನಗ ಕೇಳಬ್ಯಾಡ, ಅವರಪ್ಪಗೂ ಕೇಳಬ್ಯಾಡ."

"ನಿಂದು ಹದಿಮೂರಕ್ಕ ಲಗ್ನ ಆಯ್ತು. ನಿನಗೇನ್ ಕಡಿಮಿ ಆಯ್ತು ಹೇಳು."

"ಏಳು ಇಯತ್ತೆ ಕಡಿಮಿ ಆಯ್ತು."

ತಂಗಿ ಕೊಬ್ಬರಿ ಹೆರೆಯತೊಡಗಿದಳು. ನಮ್ಮಿಬ್ಬರ ತಕರಾರು ಅಲ್ಲಿಗೆ ನಿಂತಿತು ಎಂದುಕೊಂಡೆ. ನಿಂತಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹುಡುಗಿಗೆ ನೀರು ಎರೆದು, ಸಾಲಿಯ ಬಟ್ಟೆ ತೊಡಲು ಹೇಳಿದೆ. ಅವಳು ನನ್ನ ಮುಖವನ್ನೇ ನೋಡಿದಳು. ಆಟದ ವಿಷಯ ಅವಳು ಮೂರು ದಿನದಿಂದ ಎತ್ತಿರಲಿಲ್ಲ. ಕೇಳಿದರೆ ಇಲ್ಲ ಎನ್ನುತ್ತೇನೆಂದು ಅವಳಿಗೆ ಖಾತ್ರಿ ಇತ್ತು.

ತಂಗಿ ಬಾಗಿಲಿಗೆ ಅಡ್ಡ ನಿಂತಳು. "ಒಂಬತ್ತು ದಿನ ಆಗದೇ ಹೊಸ್ತಿಲ ದಾಟಸ್ತಿಯೇನು? ಮಂದಿ ಏನಂದಾರು?"

"ಮಂದಿ ಖೋಖೋ ಆಡಂಗಿಲ್ಲ. ಬಾಜೂಕ ಸರಿ."

"ಹಿರ್ಯಾರು ಮಾಡಿದ್ದು ಮುರೀಬ್ಯಾಡಕ್ಕಾ."

"ಈ ಮನ್ಯಾಗ ಹಿರ್ಯಾಕಿ ನಾನೇ ಇದ್ದೀನಿ. ಹೊಸ್ತಿಲ ಭಿ ನಂದೇ ಅದ."

ಮಗನಿಗೆ ಟೆಂಪೋ ತೆಗೆ ಎಂದೆ. ಅವನು ನನ್ನ ತಂಗಿಯ ಮುಖ ನೋಡಿದ, ನನ್ನ ಮುಖ ನೋಡಿದ. ಸೊಸೆ ಅಂದು ಅಂಗಡಿಗೆ ಹೋಗಿರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು, "ನಡ್ಕೊಂಡೇ ಹೋಗ್ತೀವಿ ಬಿಡ್ರಿ ಅತ್ತಿ, ಎಷ್ಟು ದೂರ ಅದ" ಎಂದು ಮಗಳ ಕೈ ಹಿಡಿದಳು. ಆಗ ಮಗ ಕೀಲಿ ತೆಗೆದುಕೊಂಡು ಎದ್ದ. ಹುಡುಗಿಯ ಡಬ್ಬಿಗೆ ಅಂಟಿನುಂಡಿ, ಹಿಂಡಿ ಹಚ್ಚಿದ ರೊಟ್ಟಿ ತುಂಬಿ ನಾನೂ ಹತ್ತಿ ಕೂತೆ.

ಸಾಲಿಯ ಮೈದಾನದಲ್ಲಿ ದವಾಖಾನೆಯ ನರ್ಸ್ ಬಾಯಿ ಮತ್ತೆ ಅವಳ ಬೆರಳು ಚುಚ್ಚಿದರು. ಯಂತ್ರ ನೋಡಿ ಮಾಸ್ತರರಿಗೆ ಏನೋ ಹೇಳಿದರು. ಮಾಸ್ತರರು ದೂರದಿಂದಲೇ ನನ್ನ ಕಡೆ ಕೈ ಎತ್ತಿದರು. "ಏರ್ಯಾದ್ರೀ ಆಯಿ. ಇನ್ನಾ ಏರಬೇಕು, ಖರೇ ಆಡಲಾಕ ಅಡ್ಡಿಲ್ಲ."

ಅವತ್ತು ಅವಳು ಓಡಿದ್ದನ್ನು ನಾನು ಕಾಂಪೌಂಡ್ ಗೋಡೆಯ ಪಕ್ಕ ನಿಂತು ನೋಡಿದೆ. ಅಲ್ಲಿಯವರೆಗೆ ಅವಳ ಆಟ ನೋಡಿದವಳೇ ಅಲ್ಲ. ಕೂತ ಹುಡುಗಿಯರ ಸಾಲಿನ ನಡುವೆ ನುಸುಳಿ, ಹಿಡಿಯಲು ಬಂದವಳ ಕೈ ಬೆನ್ನಿಗೆ ತಾಗುವಷ್ಟರಲ್ಲಿ ಸೊಂಟ ತಿರುಗಿಸಿ ಆಚೆ. ಮೂವರು ಒಬ್ಬರಾದ ಮೇಲೆ ಒಬ್ಬರು ಬೆನ್ನಟ್ಟಿದರು, ಸೀಟಿ ಊದುವವರೆಗೂ ಯಾರಿಗೂ ಸಿಗಲಿಲ್ಲ. ಕುಸಿಯಲಿಲ್ಲ. ಹೆಸರು ಓದಿದಾಗ ಅವಳದು ನಾಲ್ಕನೆಯದು. ನನ್ನ ಮಗ ಟೆಂಪೋದ ಬಾಗಿಲಿಗೆ ಒರಗಿ ನಿಂತಿದ್ದ. ಶಹಾಬಜಾರದ ಆ ಮನೆಯ ಮಾತನ್ನು ಅವನು ಆಮೇಲೆ ಎತ್ತಲಿಲ್ಲ.

ಆ ವರ್ಷದಿಂದ ಟೀಚರ್ ಹೊಸ ಹುಡುಗಿಯರ ಆಯಿಗಳನ್ನು ಕರೆದಾಗಲೆಲ್ಲ ನನ್ನನ್ನೂ ಕರೆಯುತ್ತಾರೆ. ಮೊದಲ ತಾಟು ನಾನೇ ಬಡಿಸುತ್ತೇನೆ, ಮೊದಲು ನಾನು ಹೇಗೆ ಬಡಿಸುತ್ತಿದ್ದೆನೋ ಹಾಗೆ. ಆಮೇಲೆ ಮುದುಕಿಯರು ಖರೇ ಬಡಿಸುತ್ತಾರೆ. ಮೂರನೇ ಇಯತ್ತೆ ಕಲಿತವಳು ಪ್ರೌಢಶಾಲೆಯಲ್ಲಿ ಪಾಠ ಹೇಳುತ್ತಾಳೆ ಎಂದು ನಾನಿ ಓಣಿಯಲ್ಲಿ ಅಣಕಿಸುತ್ತಾಳೆ. ಅಣಕಿಸಲಿ, ಪಾಠ ಹೇಳುವುದಂತೂ ಖರೇ.

ಆ ವರ್ಷದ ಕಲಬುರಗಿಯ ಪಂದ್ಯಕ್ಕೆ ನಾನೂ ಸೊಸೆಯೂ ಹೋಗಿದ್ದೆವು. ಮೊದಲನೆಯದು ಗೆದ್ದರು, ಎರಡನೆಯದು ಸೋತರು. ಸೋತದ್ದಕ್ಕೆ ನನಗೇನೂ ಅನಿಸಲಿಲ್ಲ. ತಂಗಿ ಬರುವುದಿಲ್ಲ ಎಂದಿದ್ದವಳು ಆಟೋ ಮಾಡಿಕೊಂಡು ಬಂದಿದ್ದಳು. ನನ್ನಿಂದ ಎರಡು ಸಾಲು ಆಚೆ ಕೂತು, ಪಕ್ಕದವಳಿಗೆ "ಆ ಓಡ್ಲಾಕತ್ತಾಳಲ್ರೀ, ನಮ್ಮ ಹುಡುಗಿ" ಎಂದು ಹೇಳುತ್ತಿದ್ದಳು. ನಾನು ಕೇಳಿಸಿಕೊಳ್ಳದವಳಂತೆ ಕೂತೆ.

ಸಂಜೆಯ ಬಸ್ಸಿನಲ್ಲಿ ಕೂಡಲು ಜಾಗ ಇರಲಿಲ್ಲ. ನನಗೊಬ್ಬಳಿಗೆ ಸೀಟು ಸಿಕ್ಕಿತು. ಹುಡುಗಿ ಮೊಣಕಾಲು ತರಚಿಕೊಂಡು ನಿಂತಿದ್ದಳು. ಕೈ ಹಿಡಿದು ಎಳೆದು ನನ್ನ ತೊಡೆಯ ಮೇಲೆ ಕೂಡಿಸಿಕೊಂಡೆ. ಐದು ನಿಮಿಷಕ್ಕೆ ನಿದ್ದೆ ಹೋದಳು. ಭಾರ ಇದ್ದಳು. ಊರು ಬರುವಷ್ಟರಲ್ಲಿ ನನ್ನ ಎರಡೂ ಕಾಲು ಜೋಮು ಹಿಡಿದು ಕಲ್ಲಾಗಿದ್ದವು. ಎಬ್ಬಿಸಿ ನಿಲ್ಲಿಸಿಕೊಳ್ಳುತ್ತೇನೆ, ಕೊಡ್ರಿ ಎಂದು ಸೊಸೆ ಎರಡು ಸಲ ಕೇಳಿದಳು. ಕೊಡಲಿಲ್ಲ.